ಗಾಯಾಳುವಿಗೆ ನ್ಯಾಯದ ದಾರಿ

ಸೇಡಂ, ವಾಡಿಗಳ ಸಿಮೆಂಟ್ ಕಾರ್ಖಾನೆಗಳಿಗೆ ಹಗಲಿರುಳೆನ್ನದೆ ಸಾಗುವ ಲಾರಿಗಳ ನಡುವೆ, ಚಿತ್ತಾಪುರದಿಂದಲೋ ಚಿಂಚೋಳಿಯಿಂದಲೋ ಕಾರಿನಲ್ಲಿ ಹೊರಟ ಗೃಹಸ್ಥನೊಬ್ಬನು ಅಪಘಾತಕ್ಕೀಡಾದನೆಂದರೆ, ಆಸ್ಪತ್ರೆಯ ಚಿಂತೆಯಲ್ಲಿ ಮುಳುಗಿದ ಮನೆಯವರಿಗೆ ಕಾನೂನಿನ ಸ್ಮರಣೆ ಬಾರದಿರುವುದು ಸಹಜವೇ. ಆದರೆ 1988ರ ಮೋಟಾರು ವಾಹನ ಕಾಯಿದೆಯ 166ನೆಯ ಕಲಮಿನಂತೆ ಪರಿಹಾರದ ಅರ್ಜಿಯನ್ನು ಆರು ತಿಂಗಳೊಳಗೆ ಸಲ್ಲಿಸಬೇಕೆಂಬ ನಿಯಮವು 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಗುದ್ದಿದ ಲಾರಿಯ ಮಾಲೀಕನು ಹೈದರಾಬಾದಿನವನಾದರೂ ಅಲ್ಲಿಗೆ ಅಲೆಯಬೇಕಿಲ್ಲ. ಗಾಯಾಳುವು ವಾಸಿಸುವ ಅಥವಾ ಅಪಘಾತ ನಡೆದ ಪ್ರದೇಶದ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು.

ಬಹುಜನರು ಅರಿಯದ, ನನಗೆ ಅತ್ಯಂತ ಮುಖ್ಯವೆನಿಸುವ ಸಂಗತಿಯೊಂದಿದೆ. ವೈದ್ಯರು ಬರೆದುಕೊಡುವ ಅಂಗವೈಕಲ್ಯದ ಶೇಕಡಾ ಪ್ರಮಾಣವೇ ಗಳಿಕೆಯ ನಷ್ಟದ ಅಳತೆಯಲ್ಲವೆಂದೂ, ಆ ಊನವು ಗಾಯಾಳುವಿನ ವೃತ್ತಿಯನ್ನು ಎಷ್ಟು ಕುಂದಿಸಿತೆಂಬುದನ್ನೇ ನೋಡಬೇಕೆಂದೂ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಸ್ಪಷ್ಟಪಡಿಸಿತು. ಕೈ ಕಳೆದುಕೊಂಡ ಗುಮಾಸ್ತನು ಮತ್ತೆ ಕಚೇರಿಗೆ ಹೋಗಬಹುದು. ಶಹಾಬಾದಿನ ಕಲ್ಲುಗಣಿಯಲ್ಲಿ ಹಾಸುಗಲ್ಲು ಎಬ್ಬಿಸುವವನ ಬದುಕೇ ನಿಂತುಹೋಗುತ್ತದೆ. ಆದ್ದರಿಂದ ಪೊಲೀಸರ ಎಫ್‌ಐಆರ್ ಪ್ರತಿ, ಔಷಧದ ಚೀಟಿಗಳೊಡನೆ ಕೂಲಿಯ ದಾಖಲೆಯನ್ನೂ ಜೋಪಾನವಾಗಿಡಬೇಕು. ರಾಜಿಯ ಮಾತಿಗೆ ಸೋತು ಬಿಳಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಬಾರದು.

ಗುದ್ದಿದ ವಾಹನವು ಪತ್ತೆಯಾಗದೆ ಹೋದರೂ, ತೀವ್ರ ಗಾಯಕ್ಕೆ 50,000 ರೂಪಾಯಿ, ಮರಣಕ್ಕೆ 2 ಲಕ್ಷ ರೂಪಾಯಿ ಸರಕಾರದ ಯೋಜನೆಯಲ್ಲಿ ದೊರೆಯುತ್ತದೆ.