ದಿಂಬಂ ಘಟ್ಟ ಇಳಿಯುವ ಮೊದಲು

ತಾಳವಾಡಿ ಸೀಮೆಯ ಕುಟುಂಬಗಳಿಗೆ ಘಟ್ಟದ ಪ್ರಯಾಣವೆಂದರೆ ವಿಹಾರವಲ್ಲ. ನೆಲದ ಲಕ್ಷಣದಿಂದ ಈ ಸೀಮೆ ಮೈಸೂರು ಪ್ರಸ್ಥಭೂಮಿಗೆ ಸೇರಿದ್ದು. ಚಾಮರಾಜನಗರಕ್ಕೆ ಹೋಗುವವರು ಘಟ್ಟ ಇಳಿಯಬೇಕಾಗಿಲ್ಲ. ಆದರೆ ಜಿಲ್ಲಾ ಕೇಂದ್ರ ಈರೋಡು. ಮಕ್ಕಳ ಕಾಲೇಜು ಪ್ರವೇಶ, ಜಿಲ್ಲಾ ಕಚೇರಿಯ ಕಾಗದಪತ್ರ, ದೊಡ್ಡ ಆಸ್ಪತ್ರೆ ಮುಂತಾದ ಕೆಲಸಗಳಿಗೆ ದಿಂಬಂ ದಾಟಿ ಬಣ್ಣಾರಿಯವರೆಗೆ ಇಳಿಯಬೇಕು. ಆ ಇಳಿಜಾರಿನಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಸುತ್ತಲಿನದು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ.

ಘಟ್ಟ ಏರುವಾಗ ಕಾರು ಏದುಸಿರು ಬಿಟ್ಟರೆ ಮನೆಯವರೆಲ್ಲ ಆತಂಕಗೊಳ್ಳುತ್ತಾರೆ. ನಿಜವಾಗಿ ಅಂಜಬೇಕಾದದ್ದು ಇಳಿಯುವಾಗ, ಕಾರು ಸದ್ದಿಲ್ಲದೆ ಸರಾಗವಾಗಿ ಓಡುತ್ತಿರುವಾಗ. ಬ್ರೇಕನ್ನು ಎಡೆಬಿಡದೆ ಒತ್ತುತ್ತಾ ಇಳಿದರೆ ಘರ್ಷಣೆಯಿಂದ ಚಕ್ರದ ಬಳಿಯ ಬಿಸಿ ಏರುತ್ತದೆ; ಬ್ರೇಕಿನ ಪ್ಯಾಡುಗಳು ಹಿಡಿತ ಕಳೆದುಕೊಳ್ಳುತ್ತವೆ. ಬ್ರೇಕ್ ದ್ರವದ ಸಂಗತಿ ಇನ್ನೂ ಸೂಕ್ಷ್ಮವಾದುದು. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಡಾಟ್ 3 ದರ್ಜೆಯ ಹೊಸ ದ್ರವ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿ ಹಳತಾದಾಗ ಆ ಮಿತಿ 140 ಡಿಗ್ರಿಯವರೆಗೆ ಕುಸಿಯಬಹುದು. ಕೊಳವೆಯಲ್ಲಿ ದ್ರವ ಕುದಿದು ಆವಿಯಾದರೆ ಪೆಡಲು ಹತ್ತಿಯಂತೆ ಒಳಸರಿಯುತ್ತದೆ, ಕಾರು ನಿಲ್ಲುವುದಿಲ್ಲ. ಹೊರಡುವ ಹಿಂದಿನ ವಾರ ಮೆಕ್ಯಾನಿಕ್ಕನ ಬಳಿ ಪ್ಯಾಡಿನ ದಪ್ಪವನ್ನಷ್ಟೇ ಅಲ್ಲ, ದ್ರವ ಬದಲಾಯಿಸಿ ಎಷ್ಟು ಕಾಲವಾಯಿತೆಂಬುದನ್ನೂ ವಿಚಾರಿಸಬೇಕು. ಎರಡು ವರ್ಷ ಕಳೆದಿದ್ದರೆ ಬದಲಾಯಿಸುವುದು ಲೇಸು. ಕೊಂಡ ಹಳೆಯ ಕಾರಾದರೆ ಈ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರುವುದಿಲ್ಲ. ಆಗ ವಿಚಾರವೇ ಬೇಡ, ಬದಲಾಯಿಸಿಬಿಡಬೇಕು.

ಏರಲು ಯಾವ ಗೇರು ಬೇಕೋ ಅದರಲ್ಲಿಯೇ ಇಳಿಯಬೇಕೆಂಬುದು ಹಳೆಯ ಚಾಲಕರ ನಿಯಮ. ಎರಡನೆಯ ಗೇರಿನಲ್ಲಿ, ಕಡಿದಾದ ತಿರುವಿನಲ್ಲಿ ಮೊದಲನೆಯದರಲ್ಲಿ, ಎಂಜಿನ್ನೇ ಕಾರನ್ನು ಹಿಡಿದು ನಿಲ್ಲಿಸುತ್ತದೆ. ಬ್ರೇಕು ಬೇಕಾದಾಗ ಮಾತ್ರ ಒದಗಲು ತಣ್ಣಗಿರುತ್ತದೆ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕಿ ಉರುಳಿಸುವವರು, ಎಂಜಿನ್ ಆರಿಸುವವರು ಇಂದಿಗೂ ಇದ್ದಾರೆ. ಎಂಜಿನ್ ಆರಿದರೆ ಬ್ರೇಕಿಗೆ ಬಲ ಕೊಡುವ ಬೂಸ್ಟರಿನ ನೆರವು ಒಂದೆರಡು ಒತ್ತಿಗೇ ಮುಗಿಯುತ್ತದೆ, ಸ್ಟಿಯರಿಂಗ್ ಕೂಡ ಭಾರವಾಗುತ್ತದೆ. ನಾಲ್ಕು ರೂಪಾಯಿಯ ಇಂಧನಕ್ಕಾಗಿ ಮಕ್ಕಳನ್ನು ಕೂರಿಸಿಕೊಂಡು ಈ ಸಾಹಸ ಮಾಡುವುದನ್ನು ಜಾಣತನವೆನ್ನಲಾಗದು.

ಟೈರುಗಳ ಒತ್ತಡವನ್ನು ಹೊರಡುವ ಮುಂಜಾನೆ, ಅವು ತಣ್ಣಗಿರುವಾಗಲೇ ನೋಡಬೇಕು. ಸರಿಯಾದ ಅಳತೆ ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ಐದು ಜನ ಮತ್ತು ಸಾಮಾನು ತುಂಬಿದಾಗಿನದು ಬೇರೆ ಇರುತ್ತದೆಂಬುದನ್ನು ಹಲವರು ಗಮನಿಸುವುದಿಲ್ಲ. ಕಾರಿನ ಟೈರಿನ ಗೀರು 1.6 ಮಿಲಿಮೀಟರಿಗಿಂತ ಸವೆದಿರಬಾರದು. ಬದಿಯ ನಾಲ್ಕು ಅಂಕಿಗಳು ಟೈರು ತಯಾರಾದ ವಾರ ಮತ್ತು ವರ್ಷ: 2321 ಎಂದಿದ್ದರೆ 2021ರ 23ನೆಯ ವಾರ. ಹೆಚ್ಚುವರಿ ಟೈರಿನಲ್ಲಿ ಗಾಳಿಯಿದೆಯೇ, ಜಾಕು ಕೆಲಸ ಮಾಡುತ್ತದೆಯೇ ಎಂಬುದನ್ನೂ ಮನೆಯಂಗಳದಲ್ಲೇ ಪರೀಕ್ಷಿಸಬೇಕು. ಕಾಡಿನ ನಡುವೆ ಕಾರಿನಿಂದಿಳಿದು ಚಕ್ರ ಬಿಚ್ಚುವುದು ಬಂದರೆ ಅದಕ್ಕಿಂತ ಕಷ್ಟ ಬೇರೊಂದಿಲ್ಲ. ವೈಪರ್ ಮತ್ತು ದೀಪ ಮಂಜಿಗೆ ಬೇಕು. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಮರಳಿ ಕಣ್ಣಿಗೇ ರಾಚುತ್ತದೆ. ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಪತ್ರ, ಲೈಸೆನ್ಸು ಡಿಜಿಲಾಕರಿನಲ್ಲಿದ್ದರೂ ಸಾಕು.

ತಿರುವುಗಳಲ್ಲಿ ಏರಿ ಬರುವ ವಾಹನಕ್ಕೆ ಮೊದಲ ಹಕ್ಕು. ಕಬ್ಬಿನ ಲಾರಿಗೆ ತಿರುಗಲು ರಸ್ತೆಯ ಪೂರ್ಣ ಅಗಲವೇ ಬೇಕಾಗುವುದರಿಂದ ತಿರುವಿನ ಮೇಲ್ಗಡೆಯೇ ಕಾಯಬೇಕು. ಆ ಕಬ್ಬಿನ ರುಚಿ ಹತ್ತಿದ ಆನೆಗಳು ಹಾಸನೂರಿನ ಆಸುಪಾಸಿನಲ್ಲಿ ಲಾರಿಗಳನ್ನೇ ತಡೆಯುವುದುಂಟು. ಆನೆ ಎದುರಾದರೆ ದೂರದಲ್ಲಿಯೇ ನಿಂತು, ಹಾರ್ನ್ ಒತ್ತದೆ, ಅದು ದಾಟುವವರೆಗೆ ಕಾಯುವುದೇ ದಾರಿ. ಕಿಟಕಿಯಿಂದ ತಿಂಡಿ ಎಸೆಯುವ ಮಕ್ಕಳ ಉತ್ಸಾಹವನ್ನು ಹೊರಡುವ ಮುನ್ನವೇ ತಡೆದಿರಬೇಕು. ಮಂಗಗಳಿಗೂ ಇದೇ ಮಾತು.

ತಿರುವುಗಳಲ್ಲಿ ಮಕ್ಕಳಿಗೆ ವಾಕರಿಕೆ ಬರುವುದು ಸಹಜ. ಪೂರಿ, ಬೋಂಡಾಕ್ಕಿಂತ ಇಡ್ಲಿ ಮೇಲು. ಪುಸ್ತಕ, ಮೊಬೈಲು ಹಿಡಿದವರಿಗೆ ತೊಂದರೆ ಹೆಚ್ಚು. ದೂರ ನೋಡುವವರಿಗೆ ಕಡಿಮೆ. ತಿರುವುಗಳ ಫಲಕಗಳನ್ನು ಓದಿ ಎಣಿಸುವ ಕೆಲಸವನ್ನು ಅವರಿಗೆ ಕೊಡಬಹುದು. ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ತಮಿಳನ್ನೂ ಕಲಿಯುತ್ತಾರಾದ್ದರಿಂದ ‘ಕೊಂಡೈ ಊಸಿ ವಳೈವು’ ಎಂಬುದನ್ನು ಅಜ್ಜಿಗೆ ಓದಿ ಹೇಳುವುದು ಅವರಿಂದಲೇ ಆಗುತ್ತದೆ. ಹಿಂದಿನ ಸೀಟಿನವರಿಗೂ ಬೆಲ್ಟು ಕಡ್ಡಾಯ. ಕಾಡಿನಲ್ಲಿ ಎಲ್ಲೆಡೆ ಮೊಬೈಲ್ ಸಂಕೇತ ಸಿಗುವುದಿಲ್ಲ. 108 ಮತ್ತು 112 ನೆನಪಿನಲ್ಲಿದ್ದರೂ ಹೊರಟ ವೇಳೆಯನ್ನು ಮನೆಯಲ್ಲಿ ತಿಳಿಸಿರಬೇಕು.

ಮರಳುವ ವೇಳೆಯ ಲೆಕ್ಕವನ್ನೂ ಬೆಳಿಗ್ಗೆಯೇ ಹಾಕಬೇಕು. ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ 2022ರ ಫೆಬ್ರವರಿಯಿಂದ ಈ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿದೆ. ವಾಹನಕ್ಕೆ ತಕ್ಕಂತೆ ವೇಳೆ ಬೇರೆ, ವಿನಾಯಿತಿಗಳೂ ಬೇರೆ. ಇಳಿಯುವಾಗಲೇ ಬಣ್ಣಾರಿ ತಪಾಸಣಾ ಠಾಣೆಯಲ್ಲಿ ಕೇಳಿಕೊಂಡರೆ ಸಂಜೆ ವಾದಕ್ಕೆ ಅವಕಾಶವಿರುವುದಿಲ್ಲ. ಈರೋಡಿನ ಕೆಲಸ ತಡವಾದರೆ ಗೇಟು ಮುಚ್ಚುವುದರೊಳಗೆ ಮುಟ್ಟಲೆಂದು ಕಾರನ್ನು ಓಡಿಸುವುದಕ್ಕಿಂತ ಸತ್ಯಮಂಗಲದಲ್ಲಿ ರಾತ್ರಿ ತಂಗುವುದು ಒಳಿತು. ಹಾಗಾಗಿ ಚೀಲದಲ್ಲಿ ಮಕ್ಕಳಿಗೆ ಒಂದು ಜೊತೆ ಬಟ್ಟೆ, ಹಿರಿಯರಿಗೆ ಮಾರನೆಯ ದಿನದ ಔಷಧ ಇರಲಿ.