ಬೀಗ ತೆಗೆದ ಮನೆಯಲ್ಲಿ ಚಿಗಟದ ಕಾಟ

ಬೇಸಿಗೆ ರಜೆ ಬಂತೆಂದರೆ ಕುಂದಾಪುರ, ಬೈಂದೂರು ಕಡೆಯ ಕಡಲ ತಡಿಯ ಊರುಗಳಲ್ಲಿ ತಿಂಗಳುಗಟ್ಟಲೆ ಬೀಗ ಹಾಕಿದ್ದ ಮನೆಗಳ ಬಾಗಿಲು ತೆರೆಯುತ್ತದೆ. ಮುಂಬಯಿಯಿಂದ ಬಂದವರು ಸಾಮಾನು ಇಳಿಸಿ, ಚಾವಡಿಯಲ್ಲಿ ಚಾಪೆ ಹಾಸಿ ಕುಳಿತರೋ ಇಲ್ಲವೋ, ಮಕ್ಕಳು ಕಾಲು ಕೆರೆದುಕೊಳ್ಳಲು ಶುರು! ಸೊಳ್ಳೆಯೆಂದು ಬತ್ತಿ ಹಚ್ಚುವವರೂ ಉಂಟು. ಆದರೆ ಕೆಂಪು ಗುಳ್ಳೆಗಳು ಪಾದದ ಗಂಟಿನ ಸುತ್ತಮುತ್ತಲೇ ಗುಂಪಾಗಿ ಎದ್ದಿದ್ದರೆ ಅದು ಬಹುಮಟ್ಟಿಗೆ ಚಿಗಟದ ಕೆಲಸ.

ಜನರೇ ಇಲ್ಲದ ಮನೆಯಲ್ಲಿ ರಕ್ತ ಹೀರುವ ಚಿಗಟ ಬದುಕಿದ್ದಾದರೂ ಹೇಗೆ?

ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಬೆಕ್ಕಿನ ಚಿಗಟ. ಹೆಸರಿಗೆ ಬೆಕ್ಕಿನದಾದರೂ ನಾಯಿಯ ಮೈಮೇಲೂ ಅದು ಇರುತ್ತದೆ. ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆ ಇಡಬಲ್ಲದು. ಮೊಟ್ಟೆಗಳು ರೋಮಕ್ಕೆ ಅಂಟದೆ, ಬೆಕ್ಕು ಮಲಗಿದಲ್ಲೆಲ್ಲ ಉಪ್ಪಿನ ಕಣದಂತೆ ಉದುರುತ್ತವೆ. ಮರಿಹುಳು ಬೆಳಕಿಗೆ ಅಂಜಿ ನೆಲದ ಬಿರುಕು, ಚಾಪೆಯಡಿ ಸೇರುತ್ತದೆ. ಅದರ ಊಟ ದೊಡ್ಡ ಚಿಗಟಗಳ ಹಿಕ್ಕೆ, ಅಂದರೆ ಒಣಗಿದ ರಕ್ತ! ಗಾಳಿಯಲ್ಲಿ ತೇವ ಕಡಿಮೆಯಾದರೆ ಈ ಮರಿಹುಳು ಒಣಗಿ ಸಾಯುತ್ತದೆ. ಕರಾವಳಿಯಲ್ಲಿ ತೇವಕ್ಕೇನು ಬರ?

ಬೆಳೆದ ಮರಿಹುಳು ತನ್ನ ಸುತ್ತ ಅಂಟಂಟಾದ ಗೂಡು ಹೆಣೆಯುತ್ತದೆ. ಧೂಳು, ಮರಳು ಮೆತ್ತಿಕೊಂಡ ಆ ಗೂಡು ಕಣ್ಣಿಗೆ ಬೀಳುವುದೇ ಕಷ್ಟ. ಒಳಗೆ ಸಿದ್ಧವಾದ ಚಿಗಟ ಕೂಡಲೇ ಹೊರಬರಬೇಕೆಂದಿಲ್ಲ. ಹೊಟ್ಟೆಗಿಲ್ಲದೆ ತಿಂಗಳುಗಟ್ಟಲೆ ಕಾಯಬಲ್ಲದು. ನಡೆದಾಟದ ಅದುರು, ಮೈಯ ಬಿಸಿ, ಉಸಿರಿನ ಇಂಗಾಲದ ಡೈ ಆಕ್ಸೈಡ್ ತಾಗಿದಾಗಲೇ ಅದಕ್ಕೆ ಎಚ್ಚರ. ಜನವರಿಯಲ್ಲಿ ಅಟ್ಟದ ಮೇಲೆ ಮರಿ ಹಾಕಿ ಹೋದ ಬೀದಿ ಬೆಕ್ಕಿನ ಚಿಗಟ ಏಪ್ರಿಲ್‌ನಲ್ಲಿ ಮಕ್ಕಳ ಕಾಲಿಗೆ ಎಗರುವುದು ಹೀಗೆ.

ಪೆಸ್ಟ್ ಕಂಟ್ರೋಲ್‌ನವರಿಗೂ ಮನೆಯವರಿಗೂ ಜಗಳವಾಗುವುದು ಈ ಗೂಡಿನಿಂದಲೇ. ಸಿಂಪಡಿಸಿದ ಔಷಧ ಗೂಡಿನೊಳಗೆ ಸರಿಯಾಗಿ ಇಳಿಯುವುದಿಲ್ಲ. ಆದ್ದರಿಂದ ಎರಡು ಮೂರು ವಾರ ಹೊಸ ಚಿಗಟಗಳು ಹೊರಬರುತ್ತಲೇ ಇರುತ್ತವೆ. ‘ಔಷಧ ನಕಲಿ’ ಎಂದು ಸಿಟ್ಟಾಗಿ ಮಾರನೆಯ ದಿನವೇ ಅಂಗಡಿಯಿಂದ ಇನ್ನೊಂದು ವಿಷ ತಂದು ಮಕ್ಕಳು ಮಲಗುವ ಕೋಣೆಗೆ ಹೊಡೆಯುವುದು ಚಿಗಟಕ್ಕಿಂತ ದೊಡ್ಡ ಅಪಾಯ. ಹಿಂದೆ ಮೂಲೆಮೂಲೆಗೆ ಎರಚುತ್ತಿದ್ದ ಗ್ಯಾಮಾಕ್ಸಿನ್ ಪುಡಿ ಹಿರಿಯರಿಗೆ ನೆನಪಿರಬಹುದು. ಅದರ ಮೂಲವಸ್ತು ಬಿಎಚ್‌ಸಿಯನ್ನು ಭಾರತದಲ್ಲಿ 1997ರಲ್ಲಿ ನಿಷೇಧಿಸಲಾಯಿತು.

ಕೆಲಸ ಬಲ್ಲವರು ದೊಡ್ಡ ಚಿಗಟವನ್ನು ಕೊಲ್ಲುವ ಔಷಧದ ಜೊತೆಗೆ, ಮರಿಹುಳು ಬೆಳೆಯದಂತೆ ತಡೆಯುವ ಮೆಥೋಪ್ರಿನ್ ಅಥವಾ ಪೈರಿಪ್ರಾಕ್ಸಿಫೆನ್‌ನಂಥದ್ದನ್ನೂ ಬಳಸುತ್ತಾರೆ. ಕರೆಸುವ ಮುಂಚೆ ಅವರಿಗೆ ಕೀಟನಾಶಕ ಕಾಯಿದೆಯಂತೆ ಪರವಾನಗಿ ಇದೆಯೇ, ಹೊಡೆಯುವ ಔಷಧದ ಹೆಸರೇನು ಎಂದು ಕೇಳಲು ಸಂಕೋಚ ಬೇಡ. ಹಿಂದಿನ ದಿನ ಮೂಲೆ, ಬಿರುಕುಗಳನ್ನೆಲ್ಲ ಗುಡಿಸಿ, ಹಾಸಿಗೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಇನ್ನೂ ಒಳ್ಳೆಯದು. ಅದರ ಅದುರಿಗೆ ಗೂಡಿನ ಚಿಗಟ ಎದ್ದು ಹೊರಬರುತ್ತದೆ. ಔಷಧ ಪೂರ್ತಿ ಒಣಗುವವರೆಗೆ ಮಕ್ಕಳು, ಸಾಕುಪ್ರಾಣಿಗಳು ಒಳಗೆ ಕಾಲಿಡಬಾರದು. ಮೀನಿನ ತೊಟ್ಟಿಯನ್ನು ಹೊರಗೆ ಸಾಗಿಸುವುದು ಮರೆಯದಿರಲಿ. ಸಾಕಿದ ನಾಯಿ, ಬೆಕ್ಕಿಗೂ ಅದೇ ಹೊತ್ತಿಗೆ ಪಶುವೈದ್ಯರಿಂದ ಚಿಕಿತ್ಸೆ ಆಗಬೇಕು. ನಾಯಿಗೆಂದು ತಂದ ಪರ್ಮೆಥ್ರಿನ್ ಔಷಧವನ್ನು ಬೆಕ್ಕಿಗೆ ಹಚ್ಚಿದರೆ ಅದರ ಪ್ರಾಣಕ್ಕೇ ಕುತ್ತು.

ಬೆಕ್ಕಿನ ಮೈಯಲ್ಲಿ ಚಿಗಟ ಇದೆಯೋ ಇಲ್ಲವೋ ಎಂಬುದನ್ನು ವಿದ್ಯಾರ್ಥಿಗಳೇ ಪರೀಕ್ಷಿಸಬಹುದು. ರೋಮವನ್ನು ಬಾಚಿದಾಗ ಉದುರುವ ಕಪ್ಪು ಕಣಗಳನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲಿಡಿ. ಸುತ್ತ ಕೆಂಪು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ; ಹರಡದಿದ್ದರೆ ಬರೀ ಮಣ್ಣು.

ರಜೆ ಮುಗಿಸಿ ಮತ್ತೆ ಬೀಗ ಹಾಕುವ ಮುನ್ನ ಅಟ್ಟದ ಕಿಂಡಿಗೆ ತಂತಿಬಲೆ ಬಡಿದು, ಹಳೆಯ ಚಾಪೆ, ಗೋಣಿತಾಟುಗಳನ್ನು ಹೊರಹಾಕಿದರೆ, ಮರಿ ಹಾಕಲು ಬೆಕ್ಕು ಬೇರೆ ಜಾಗ ನೋಡಿಕೊಳ್ಳುತ್ತದೆ.