ಮುಖಗವಸೂ ದಂತವೈದ್ಯರ ಹನುಸಂಧಿಯೂ

ದಿನವಿಡೀ ಪರರ ದವಡೆಯನ್ನು ಪರೀಕ್ಷಿಸುವ ದಂತವೈದ್ಯರಿಗೆ ತಮ್ಮ ದವಡೆಯೇ ನೋಯತೊಡಗಿದರೆ ಕಾರಣವನ್ನು ಎಲ್ಲಿ ಅರಸಬೇಕು? ಮುಖಗವಸು ಅವರಿಗೆ ಹೊಸದಲ್ಲ. ಆದರೆ 2020ರ ಕೋವಿಡ್ ಪಿಡುಗಿನಲ್ಲಿ ಬಿಗಿಯಾದ ಎನ್-95 ಗವಸನ್ನು ಗಂಟೆಗಟ್ಟಲೆ ಧರಿಸಬೇಕಾಗಿ ಬಂದುದರಿಂದ ಈ ಪ್ರಶ್ನೆಗೆ ಮಹತ್ತ್ವ ಒದಗಿತು.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದರೆ ಹನುಸಂಧಿಯ, ಅಂದರೆ ದವಡೆಯ ಕೀಲಿನ, ಚಲನೆ ತಿಳಿಯುತ್ತದೆ. ಕೆಳದವಡೆಯ ತಲೆಯು ಕಪಾಲದ ಗುಳಿಯಲ್ಲಿ ಮೊದಲು ತಿರುಗಿ, ಅನಂತರ ಮುಂದಕ್ಕೆ ಜಾರುತ್ತದೆ. ನಡುವೆ ನಾರಿನ ತೆಳುವಾದ ಬಿಲ್ಲೆಯೊಂದಿದೆ. ವಿಶ್ರಾಂತಿಯಲ್ಲಿ ತುಟಿ ಮುಚ್ಚಿದ್ದರೂ ಮೇಲಣ ಕೆಳಗಣ ಹಲ್ಲುಗಳ ನಡುವೆ 2ರಿಂದ 4 ಮಿಲಿಮೀಟರಿನಷ್ಟು ಅಂತರವಿರುವುದು ಸಹಜ. ಹಲ್ಲು ಸದಾ ಕಚ್ಚಿಕೊಂಡೇ ಇದ್ದರೆ ಸ್ನಾಯುಗಳು ದಣಿಯುತ್ತವೆ.

ಮಾತಾಡುವಾಗ ಗದ್ದವು ಕೆಳಗಿಳಿದು ಗವಸನ್ನು ಎಳೆಯುತ್ತದೆ. ಗವಸು ಮೂಗಿನಿಂದ ಜಾರುತ್ತದೆ. ಇತರರಾದರೆ ಕೈಯಿಂದ ಸರಿಪಡಿಸಿಕೊಂಡಾರು. ದಂತವೈದ್ಯರ ಕೈ ರೋಗಿಯ ಜೊಲ್ಲಿನಲ್ಲಿ ತೊಯ್ದಿರುವುದರಿಂದ ಮುಖವನ್ನು ಮುಟ್ಟುವಂತಿಲ್ಲ. ಆಗ ದವಡೆಯನ್ನು ಮುಂಚಾಚಿ, ಪಕ್ಕಕ್ಕೆ ಹೊರಳಿಸಿ ಗವಸನ್ನು ಸ್ವಸ್ಥಾನಕ್ಕೆ ತರುವುದೋ, ಅದು ಕದಲದಂತೆ ಹಲ್ಲು ಬಿಗಿಹಿಡಿದು ಮಾತಾಡುವುದೋ ಅಭ್ಯಾಸವಾಗಬಹುದು. ಪಟ್ಟಿಯ ಎಳೆತಕ್ಕಿಂತ ಈ ಅರಿವಿಲ್ಲದ ಚೇಷ್ಟೆಯೇ ಹೆಚ್ಚಿನ ಪರಿಶೀಲನೆಗೆ ಅರ್ಹವೆಂದು ನಾವು ಭಾವಿಸುತ್ತೇವೆ. ಕಿವಿಗೆ ಸಿಕ್ಕಿಸುವ ಕುಣಿಕೆಯಿಂದಾದ ನೋವನ್ನು ಸಂಧಿಯ ನೋವೆಂದು ಭ್ರಮಿಸುವುದೂ ಸಾಧ್ಯ.

ಮರವಂತೆ-ಬೈಂದೂರುಗಳ ನಡುವಣ ನಾವುಂದದಂತಹ ಕಡಲತಡಿಯ ಊರಿನಲ್ಲಿ ಮೇ ತಿಂಗಳ ಸೆಕೆಯನ್ನು ಊಹಿಸಿರಿ. ಬೆವರಿನಿಂದ ತೊಯ್ದ ಗವಸು ಮುಖಕ್ಕೆ ಅಂಟಿ ಉಸಿರು ಭಾರವಾಗುತ್ತದೆ. ವೈದ್ಯರು ಒಬ್ಬರೇ ಇರುವ ಚಿಕಿತ್ಸಾಲಯವಾದರೆ ಹಲ್ಲು ಕೀಳುವವರೂ ಅವರೇ, ಪಥ್ಯವನ್ನು ಗಟ್ಟಿಯಾಗಿ ಮತ್ತೆ ಮತ್ತೆ ಹೇಳುವವರೂ ಅವರೇ. ದವಡೆ ನೊಂದಿತೆಂದು ಬಾಗಿಲು ಮುಚ್ಚಿದರೆ ರೋಗಿಗಳು ಬಸ್ಸು ಹತ್ತಿ ಕುಂದಾಪುರಕ್ಕೋ ಮಣಿಪಾಲಕ್ಕೋ ಹೋಗಬೇಕು. 1965ರಿಂದ ದಂತವೈದ್ಯ ಕಾಲೇಜನ್ನು ಹೊಂದಿರುವ ಮಣಿಪಾಲ ಸಮೀಪದಲ್ಲಿರುವ ಈ ಕರಾವಳಿ, ಸೆಕೆಗೂ ಈ ನೋವಿಗೂ ಇರಬಹುದಾದ ಸಂಬಂಧವನ್ನು ಪರೀಕ್ಷಿಸಲು ತಕ್ಕ ಕ್ಷೇತ್ರವೆನ್ನಬೇಕು.

ಆದರೆ ಒಮ್ಮೆ ಪ್ರಶ್ನಾವಳಿ ಹಂಚಿ ಪಡೆದ ಉತ್ತರಗಳಿಂದ ಗವಸೇ ಕಾರಣವೆಂದು ನಿರ್ಣಯಿಸಲಾಗದು. ಕತ್ತು ಬಾಗಿಸಿದ ದುಡಿಮೆ, ಮನಸ್ಸಿನ ಒತ್ತಡ, ನಿದ್ದೆಯಲ್ಲಿ ಹಲ್ಲು ಕಡಿಯುವುದು, ಇವೂ ಇದೇ ನೋವನ್ನು ತರಬಲ್ಲವು. ಗವಸು ಧರಿಸುವ ಮೊದಲೇ ನೋವಿತ್ತೇ ಎಂಬುದನ್ನು ಅರಿಯಲು ಅದೇ ವೈದ್ಯರನ್ನು ಬಹುಕಾಲ ಅನುಸರಿಸಿ ನೋಡಬೇಕು. ಗವಸನ್ನು ತೊರೆಯುವ ಮಾತಂತೂ ಸಲ್ಲದು. ಹಲ್ಲು ಕೊರೆಯುವ ಯಂತ್ರ ಎಬ್ಬಿಸುವ ತುಂತುರಿನಲ್ಲಿ ರೋಗಾಣುಗಳಿರುತ್ತವೆ. ಮುಖದ ಅಳತೆಗೆ ಒಪ್ಪುವ ಗವಸನ್ನು ಆರಿಸಿಕೊಂಡು, ಹೇಳಬೇಕಾದುದನ್ನು ಚಿಕಿತ್ಸೆಗೆ ಮೊದಲೇ ಹೇಳಿ ಮುಗಿಸಿ, ಒಬ್ಬ ರೋಗಿ ಎದ್ದು ಇನ್ನೊಬ್ಬ ಕುಳಿತುಕೊಳ್ಳುವಷ್ಟರಲ್ಲಿ ತಮ್ಮ ಹಲ್ಲುಗಳು ಕಚ್ಚಿಕೊಂಡಿವೆಯೇ ಎಂದು ವೈದ್ಯರು ಗಮನಿಸುವುದು ಇಂದಿನಿಂದಲೇ ಸಾಧ್ಯವಿದೆ.